ನಾಲ್ಕನೇ ದೀಪ

ಈ ಕ್ಯಾರೆಟ್ಟೂ ಎರಡು ತುಂಡಾಯಿತು.

ಸರಕ್ ಎಂದು ಒಂದು ಸದ್ದು. ಆಮೇಲೆ ನೋಡಿದರೆ ಅರ್ಧ ಅತ್ತ, ಅರ್ಧ ಇತ್ತ, ನಡುವೆ ಬೀಗತಿ ಎಂಬ ರೋಬೋ. ಅದರ ಮೂತಿಗೆ ಕೂರಿಸಿದ್ದ ಬ್ಲೇಡು ಎಷ್ಟು ಹರಿತವೆಂದರೆ, ಮೇಲೆ ಬಂದು ಕೂತ ನೊಣ ಎದ್ದು ಹಾರುವಾಗ ಅವಳಿ ಜವಳಿಯಾಗಿ ಹಾರುತ್ತಿತ್ತು.

ಬೆರಳಮ್ಮ ಕೈಗಡಿಯಾರದಿಂದ ಕಣ್ಣೆತ್ತಿದಳು. ಕಣದ ಮೇಲಿದ್ದ ಅರ್ಧ ಕ್ಯಾರೆಟ್ಟನ್ನು ಎತ್ತಿಕೊಂಡು, ಕರವಸ್ತ್ರಕ್ಕೆ ಒರೆಸಿ, ಬಾಯಿಗೆ ಹಾಕಿಕೊಂಡಳು.

"ಸರಿಯಾಗಿ ಐದು ಸೆಕೆಂಡು. ಎಷ್ಟು ಸಲ ಬಿಟ್ರೂ ಅಷ್ಟೇ. ಇದು ನನ್ನ ಗಂಡನಿಗಿಂತ ಹೇಳಿದ ಮಾತು ಕೇಳುತ್ತೆ ಕಣಪ್ಪಾ."

"ಹಂಗಾದ್ರೆ ಮೊನ್ನೆ ಯಾಕೆ ಕೇಳ್ಲಿಲ್ಲ ಅಕ್ಕಾ?" ಎಂದ ಶಂಖ.

ಶಂಖ ಎಂದರೆ ರೋಬೋ ಕ್ಲಬ್ಬಿನ ಮೈಕಿನವನು. ನಿಜ ಹೇಳಬೇಕೆಂದರೆ ಅವನಿಗೆ ಮೈಕು ದಂಡ. ಅವನು ಮಹಡಿಯ ಮೇಲೆ ನಿಂತು "ಏನೇ" ಎಂದು ಹೆಂಡತಿಯನ್ನು ಕರೆದರೆ ಮೂರು ಬೀದಿಯ ಹೆಂಗಸರು "ಏನ್ರೀ" ಎನ್ನುತ್ತಾ ಹೊರಗೆ ಬರುತ್ತಿದ್ದರು.

ಮೊನ್ನೆಯ ರೋಬೋ ಸುಮೊ ಕುಸ್ತಿಯ ಫೈನಲ್ಲಿನಲ್ಲಿ ಇದೇ ಬೀಗತಿ ತನ್ನ ಒಡತಿಯ ಅಪ್ಪನಾದ ದರ್ಜಿಯ ಬಲಗೈಯ ಎರಡು ಬೆರಳನ್ನು ಕತ್ತರಿಸಿ ಹಾಕಿತ್ತು ಎಂದು ಊರೆಲ್ಲ ಸುದ್ದಿ.

ಒಂದು ಬೆರಳು ಹೋಗಿ ಕಣದ ಅಂಚಿನ ಬಿಳಿ ಗೆರೆಯ ಮೇಲೆ ಬಿತ್ತು. ತೀರ್ಪುಗಾರ ಅಭ್ಯಾಸಬಲದಿಂದ ಮಂಡಿಯೂರಿ ಬಗ್ಗಿ, ಅದು ಗೆರೆಯ ಒಳಗೋ ಹೊರಗೋ ಎಂದು ನೋಡಿದ. ಆಮೇಲೆಯೇ ಅವನು ಮೂರ್ಛೆ ಹೋದದ್ದು.

ಬೀಗತಿ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಬೆರಳೆಂದರೇನು ಗೊತ್ತಿಲ್ಲ, ಎದುರಾಳಿ ಎಂದರೆ ಗೊತ್ತು. ದರ್ಜಿ ಒಂದು ಕಡೆ ಚೀರುತ್ತಿರುವಾಗಲೇ ಎದುರಿನ ರೋಬೋವನ್ನು ಗೆರೆಯಾಚೆ ತಳ್ಳಿ, ಗೆದ್ದು, ಸುಮ್ಮನೆ ನಿಂತುಕೊಂಡಿತು. ಎದುರಿಗೆ ಬಂದವರನ್ನು ಆಚೆ ತಳ್ಳದೆ ಬಿಡುವುದಿಲ್ಲ ಅಂತಲೇ ಅದಕ್ಕೆ ಆ ಹೆಸರು.

ಆಟದ ನಿಯಮ ಎಳೆಮಕ್ಕಳಿಗೂ ತಿಳಿಯುವಂಥದ್ದು. ಎರಡೂ ಕಡೆಯವರು ತಮ್ಮ ತಮ್ಮ ರೋಬೋದ ಗುಂಡಿ ಒತ್ತಬೇಕು. ಐದು ಸೆಕೆಂಡು ರೋಬೋ ಅಲ್ಲಾಡಬಾರದು, ಮನುಷ್ಯರು ಕೈ ತೆಗೆದುಕೊಳ್ಳಲು ಅಷ್ಟು ಪುರುಸೊತ್ತು. ಆಮೇಲೆ ಅವೇ ಹೊಡೆದಾಡಿಕೊಳ್ಳುತ್ತವೆ. ಯಾರೂ ಆಡಿಸುವ ಹಾಗಿಲ್ಲ.

ಆದರೆ ಈ ಕ್ಲಬ್ಬಿನಲ್ಲಿ ಒಂದು ಚಪಲ ಬೆಳೆದಿತ್ತು. ಗೋಡೆಗೆ ಐದು ದೀಪದ ಪೆಟ್ಟಿಗೆ ನೇತುಹಾಕಿದ್ದರು. ಸೆಕೆಂಡಿಗೊಂದು ದೀಪ. ಶಂಖ ದೀಪ ನೋಡಿ "ಒಂದೂ... ಎರಡೂ..." ಎಂದು ಕೂಗಬೇಕು, ಜನವೆಲ್ಲ ಜೊತೆಗೆ ಕೂಗಬೇಕು. ಬೀಗತಿಯ ಬ್ಲೇಡಿಗೆ ತೊಗಲಿನ ಒರೆ ಹೊಲಿದಿದ್ದರು. "ನಾಲ್ಕೂ" ಎಂದಾಗ ದರ್ಜಿಯ ಮಗಳು ಕೈ ಹಾಕಿ ಆ ಒರೆಯನ್ನು ಸರ್ರನೆ ಎಳೆದುಬಿಡುತ್ತಿದ್ದಳು, ಮದುವೆ ಹೆಣ್ಣಿನ ಮುಸುಕು ತೆಗೆದ ಹಾಗೆ. ಜನ ಆಟ ನೋಡಲು ಬರುತ್ತಿದ್ದರೋ ಅದನ್ನು ನೋಡಲು ಬರುತ್ತಿದ್ದರೋ ದೇವರೇ ಬಲ್ಲ.

ಮೊನ್ನೆ ಮಾತ್ರ ಮಗಳು ಎಳೆಯಲಿಲ್ಲ. ಅಪ್ಪ ಎಳೆದ.

"ಈ ಕೂಸು ಅಪ್ಪನಿಗೆ ಬಿಟ್ಟುಕೊಡ್ತಲ್ಲ ಅಕ್ಕಾ," ಎಂದು ಶಂಖ ಮೂಗೊರೆಸಿಕೊಂಡ. "ನನ್ನ ಕೈಯಿಂದ ಮೈಕು ಕಸ್ಕೊಂಡು, ಇವತ್ತು ನಮ್ಮಪ್ಪನೇ ಒರೆ ಎಳೀಬೇಕು ಅಂತ ಎಲ್ಲರ ಮುಂದೆ ಕರೀತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಸೋದರಮಾವ ಅನ್ನಿಸ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು ಅಂತ ನಂಗೂ ಕಣ್ಣೀರು ಬಂತು."

"ಮಾವ, ಸಾಕು," ಎಂದಳು ಮಗಳು.

ಅವಳು ಕಿಟಕಿಯ ಪಕ್ಕದ ಮೇಜಿಗೆ ಒರಗಿ ನಿಂತಿದ್ದಳು. ನಡುಬೆರಳಿಗೆ ಹಾಕಿಕೊಂಡಿದ್ದ ಅಂಗುಸ್ತಾನವನ್ನು ಮೇಜಿನ ಅಂಚಿಗೆ ಟಿಕ್ ಟಿಕ್ ಎಂದು ಕುಟ್ಟುತ್ತಿದ್ದಳು. ಸೂಜಿ ಚುಚ್ಚದಂತೆ ದರ್ಜಿಗಳು ಹಾಕಿಕೊಳ್ಳುವ ಹಿತ್ತಾಳೆ ಟೋಪಿ ಅದು. ತೀರಿಹೋದ ತಾಯಿಯದು. ನೆತ್ತಿಯಲ್ಲಿ ಬಿರುಕು ಬಿಟ್ಟಿದ್ದರೂ ಅವಳು ಅದನ್ನು ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

"ಸಂಜೆ ಪೊಲೀಸ್ನೋರು ಆಸ್ಪತ್ರೆಗೆ ಬರ್ತಾರೆ ಅತ್ತೆ. ಪ್ರೋಗ್ರಾಂ ಬರೆದೋಳು ಅವಳು, ಕಾಯೋ ಹೊತ್ತು ಕಡಿಮೆ ಮಾಡಿ ನನ್ನ ಕೈ ಕತ್ತರಿಸಿದೋಳೂ ಅವಳೇ ಅಂತ ಅಪ್ಪ ಹೇಳಿಕೆ ಕೊಡ್ತಾರಂತೆ. ನರ್ಸ್ ಮುಂದೆ ಹೇಳಿದ್ದಾರೆ, ಪಕ್ಕದ ಮಂಚದೋರ ಮುಂದೆ ಹೇಳಿದ್ದಾರೆ. ನಿಮ್ಮ ಮುಂದೆ?"

"ನನ್ನ ಮುಂದೆ ಅತ್ತ," ಎಂದಳು ಬೆರಳಮ್ಮ. "ನನ್ನ ತಮ್ಮ ಸುಳ್ಳು ಹೇಳೋವಾಗಲೇ ಅಳೋದು. ಚಿಕ್ಕವನಿದ್ದಾಗಿಂದ ಹಂಗೇ."

ಫೈನಲ್ ಗೆದ್ದವರಿಗೆ ಬೇರೆ ಊರಿನ ದೊಡ್ಡ ಯಂತ್ರಶಾಲೆಯಲ್ಲಿ ಓದಲು ಒಂದು ಸೀಟು. ಬೀಗತಿ ಗೆದ್ದಾಗಿತ್ತು. ಅಪ್ಪನ ಹೇಳಿಕೆ ಪೊಲೀಸರ ಕಡತ ಸೇರಿದರೆ ಹುಡುಗಿಗೆ ಸಿಗುವುದು ಬೇರೆ ಕೋಣೆ, ಅದಕ್ಕೆ ಸರಳು ಇರುತ್ತವೆ.

ಬೆರಳಮ್ಮ ನಿವೃತ್ತಿಯಾಗುವವರೆಗೂ ಕಾರ್ಖಾನೆಗಳ ಅಪಘಾತ ತನಿಖೆ ಮಾಡಿದವಳು. ಯಂತ್ರಗಳು ತಿಂದ ಬೆರಳು ನೋಡಿ ನೋಡಿ ಅವಳಿಗೆ ಎಂಥ ಚಾಳಿ ಹತ್ತಿತ್ತೆಂದರೆ, ಯಾರಾದರೂ ಕೈ ಚಾಚಿದರೆ ಮೊದಲು ಬೆರಳು ಎಣಿಸುತ್ತಿದ್ದಳು, ಆಮೇಲೆ ಮುಖ ನೋಡುತ್ತಿದ್ದಳು.

"ಅಕ್ಕಾ, ಈಗ ಸರಿಯಾಗಿ ಕಾಯ್ತಿದೆ ಅಂದ್ರೆ ಮೊನ್ನೆನೂ ಕಾಯ್ತು ಅಂತ ಹೆಂಗೆ? ಆಮೇಲೆ ಯಾರಾದ್ರೂ ಸರಿ ಮಾಡಿರಬಹುದಲ್ಲ?" ಎಂದ ಶಂಖ.

"ಶಂಖದೊಳಗೂ ಬುದ್ಧಿ ಇರುತ್ತೆ ಅಂತ ಇವತ್ತು ಗೊತ್ತಾಯ್ತು," ಎನ್ನುತ್ತಾ ಬೆರಳಮ್ಮ ಫೋನು ತೆಗೆದಳು. "ಅದಕ್ಕೇ ಇದನ್ನ ತಂದಿದ್ದೀನಿ. ಕಣ್ಣು ಮುಚ್ಕೋಬೇಡ. ನೋಡು."

ಆಸ್ಪತ್ರೆಯಲ್ಲಿ ಹಿಡಿದ ಫೋಟೋ. ತಟ್ಟೆಯ ಮೇಲೆ ಎರಡು ಬೆರಳು, ಮೊಂಡು ಪೆನ್ಸಿಲುಗಳಂತೆ. ಶಂಖ ಕಣ್ಣು ಮುಚ್ಚಿಕೊಂಡೇಬಿಟ್ಟ. ಮಗಳು ಮಾತ್ರ ಬಗ್ಗಿ ನೋಡಿದಳು.

"ಬ್ಲೇಡು ಒಳಗೆ ಹೋದ ಕಡೆ ಚರ್ಮ ನೀಟಾಗಿ ಕೊಯ್ದಿರುತ್ತೆ. ಆಚೆ ಬಂದ ಕಡೆ ಕಿತ್ತಿರುತ್ತೆ. ಈ ತೋರುಬೆರಳು ಅಂಗೈ ಕಡೆಯಿಂದ ಕೊಯ್ದಿದೆ. ನಡುಬೆರಳು?"

"ಉಗುರಿನ ಕಡೆಯಿಂದ," ಎಂದಳು ಹುಡುಗಿ.

"ಒರೆ ಎಳೆಯೋವಾಗ ಅಂಗೈ ಯಾವ ಕಡೆಗಿರುತ್ತೆ?"

"ಬೀಗತಿ ಕಡೆಗೆ. ಉಗುರು ಎದುರಾಳಿ ಕಡೆಗೆ."

"ಅಂದ್ರೆ ಒಂದು ಬೆರಳು ತಿಂದಿದ್ದು ನಮ್ಮ ಬೀಗತಿ. ಇನ್ನೊಂದು ತಿಂದಿದ್ದು ಎದುರಾಳಿ ರೋಬೋದ ಬ್ಲೇಡು. ಎರಡೂ ಒಟ್ಟಿಗೆ ಹೊರಟಿವೆ. ಒಂದು ಅವಸರ ಮಾಡ್ತು ಅಂದ್ರೆ ನಂಬ್ತೀನಿ. ಎರಡೂ ಒಂದೇ ಗಳಿಗೇಲಿ ಅವಸರ ಮಾಡ್ತವಾ? ಅವು ಸರಿಯಾಗೇ ಹೊರಟಿವೆ ಕಣ್ರೋ. ನಿಮ್ಮ ಎಣಿಕೆ ತಡ ಆಗಿದೆ."

ಶಂಖನ ಮುಖ ಸುಣ್ಣವಾಯಿತು. "ಅಕ್ಕಾ! ನನ್ನ ಗಂಟಲು ದೊಡ್ಡದು ಹೌದು, ಸುಳ್ಳಲ್ಲ! ದೀಪ ಹೊತ್ತಿದ ಹಂಗೆ ನಾನು ಕೂಗೋದು!"

"ಹಂಗಾದ್ರೆ ದೀಪ ಹಾಕು."

ಹೊಸ ಕ್ಯಾರೆಟ್ಟು ಬಂತು. ಬೆರಳಮ್ಮ ಬೀಗತಿಯ ಗುಂಡಿ ಒತ್ತಿದಳು, ಶಂಖ ದೀಪದ ಗುಂಡಿ ಒತ್ತಿದ. ಒಂದು. ಎರಡು. ಮೂರು. ದೀಪಗಳು ಬಸುರಿ ಮೆಟ್ಟಿಲು ಹತ್ತಿದ ಹಾಗೆ ಸಾವಕಾಶ ಹೊತ್ತಿಕೊಂಡವು. ನಾಲ್ಕನೆಯದು ಹೊತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ, ಸರಕ್!

ಐದನೇ ದೀಪ ಹೊತ್ತುವ ಹೊತ್ತಿಗೆ ಕ್ಯಾರೆಟ್ಟು ಎರಡಾಗಿ ಬಿದ್ದಿತ್ತು.

ಕೈ ಒರೆಗೆ ಹೋಗುವುದಕ್ಕೂ ಬ್ಲೇಡು ನುಗ್ಗುವುದಕ್ಕೂ ಅಳೆದು ಹೊಲಿದ ಹಾಗೆ ಸರಿಹೋಗಿತ್ತು.

ಬೆರಳಮ್ಮ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಬೆನ್ನು ತಿರುಗಿಸಿದಳು. ದೀಪದ ವೇಗ ಹೆಚ್ಚು ಕಡಿಮೆ ಮಾಡುವ ತಿರುಪು ಒಂದಿತ್ತು. ಕ್ಲಬ್ಬಿನಲ್ಲಿ ಯಾವ ತಿರುಪೇ ಆಗಲಿ, ಅಲುಗದಿರಲಿ ಎಂದು ಮೇಲೆ ಒಂದು ತೊಟ್ಟು ಕೆಂಪು ಉಗುರುಬಣ್ಣ ಬಿಡುವುದು ಪದ್ಧತಿ. ಪೆಟ್ಟಿಗೆಯ ಉಳಿದೆಲ್ಲ ತಿರುಪುಗಳ ಮೇಲೆ ಕೆಂಪಿತ್ತು. ಇದೊಂದರ ಮೇಲೆ ಗುಲಾಬಿ ಮೇಣ.

ಅದನ್ನು ಅವಳು ಉಗುರಿನಿಂದ ಇಡಿಯಾಗಿ ಎಬ್ಬಿಸಿ, ಬೆಂಕಿಪೊಟ್ಟಣದೊಳಗೆ ಮಲಗಿಸಿದಳು. "ಈ ಬಣ್ಣ ನಾನು ದಿನಾ ಕನ್ನಡಿಯಲ್ಲಿ ನೋಡ್ತೀನಿ," ಎಂದು ತನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಕಳಚಿ ತೋರಿಸಿದಳು. ಒಸಡೂ ಅದೇ ಗುಲಾಬಿ. "ಹಲ್ಲಿನೋರ ಮೇಣ. ನಡೀರಿ, ಬಹಳ ದಿನದಿಂದ ಒಂದು ದವಡೆ ನೋಯ್ತಾ ಇದೆ."

"ಹಲ್ಲೇ ಇಲ್ದಿರೋ ದವಡೆನಾ ಅತ್ತೆ?"

"ನಂದಲ್ಲಮ್ಮಾ. ಡಾಕ್ಟರದು."

*

ಫೈನಲ್ಲಿನ ಎದುರಾಳಿ ಹಲ್ಲಿನ ಡಾಕ್ಟರ್. ಅವನ ರೋಬೋದ ಹೆಸರು ದವಡೆಹಲ್ಲು. ಕ್ಲಬ್ಬಿನ ಅಧ್ಯಕ್ಷನೂ ಅವನೇ. ಅವನ ನಗು ಎಷ್ಟು ಅಗಲವೆಂದರೆ ಎರಡೂ ಕಿವಿಗಳು ಅದಕ್ಕೆ ಜಾಗ ಬಿಟ್ಟು ಹಿಂದಕ್ಕೆ ಸರಿದಿದ್ದವು. ಬೆರಳಮ್ಮ ಬಾಗಿಲಲ್ಲಿ ಕಂಡಾಗ ಆ ನಗು ಅರ್ಧಕ್ಕೆ ಬಂತು. ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಶಂಖನನ್ನು ಆಸ್ಪತ್ರೆಗೆ ಅಟ್ಟಿ, ಅವಳು ಒಬ್ಬಳೇ ಒಳಗೆ ಬಂದು ಬಾಗಿಲು ಹಾಕಿದಳು. ಕುರ್ಚಿಯಲ್ಲಿದ್ದ ರೋಗಿ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಎದ್ದು ಹೊರಗೆ ಓಡಿದ.

"ಕೂತ್ಕೊಳ್ಳಿ ಮೇಡಂ."

"ನೀವು ಕೂತ್ಕೊಳ್ಳಿ."

ಡಾಕ್ಟರ್ ಯಾಕೋ ಏನೋ, ರೋಗಿಯ ಕುರ್ಚಿಯ ಮೇಲೇ ಕೂತ. ಬೆರಳಮ್ಮ ಕೆಳಗಿನ ಪೆಡಲು ತುಳಿದಳು. ಕುರ್ಚಿ ಗುಂಯ್ ಎಂದು ಹಿಂದಕ್ಕೆ ಮಲಗಿತು, ಡಾಕ್ಟರೂ ಮಲಗಿದ. ಅವಳು ದೊಡ್ಡ ದೀಪವನ್ನು ಎಳೆದು ಅವನ ಕಣ್ಣಿಗೇ ತಿರುಗಿಸಿದಳು.

"ಮೇಡಂ, ಬೆಳಕು..."

"ಎಲ್ಲರಿಗೂ ಹೀಗೇ ಇರುತ್ತೆ ಡಾಕ್ಟ್ರೇ. ಬಾಯಿ ತೆಗೀರಿ. ದೀಪದ ತಿರುಪಿಗೆ ಮೇಣ ಹಾಕಿದ್ದು ಯಾರು?"

"ಯಾವ ಮೇಣ?"

ಅವಳು ತಟ್ಟೆಯಲ್ಲಿದ್ದ ಕೊಕ್ಕೆಯ ಸಲಾಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಇದು ಯಾತಕ್ಕೆ?"

"ಹುಳುಕು... ಹುಳುಕು ಕೆರೆಯೋಕೆ."

"ಇದು ಸಾಕು ಅನ್ಸುತ್ತೆ."

"ನಾನೇ ಹಾಕಿದ್ದು ಮೇಡಂ!" ಡಾಕ್ಟರ್ ಕುರ್ಚಿಯ ಕೈ ಹಿಡಿದುಕೊಂಡ. "ಆದ್ರೆ ಪೆಟ್ಟಿಗೆ ಹೊತ್ಕೊಂಡು ಇಲ್ಲಿಗೆ ಬಂದಿದ್ದು ನಿಮ್ಮ ತಮ್ಮ. ಉಪಾಯಾನೂ ಅವರದೇ. ನಿಮ್ಮಾಣೆ!"

"ನನ್ನಾಣೆ ಬೇಡ. ನಿಮ್ಮ ಹಲ್ಲಿನಾಣೆ ಹೇಳಿ."

"ಅವ್ರಿಗೆ ಮಗಳು ಸೋಲಬೇಕಿತ್ತು ಮೇಡಂ. ಗೆದ್ರೆ ಊರು ಬಿಟ್ಟು ಹೋಗ್ತಾಳಲ್ಲ."

"ಹೋಗ್ಲಿ. ಅವನ ಅಂಗಡಿ ಅವನಿಗೆ, ಅವಳ ಯಂತ್ರ ಅವಳಿಗೆ."

ಡಾಕ್ಟರ್ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಅವಳ ಮುಖ ಹುಡುಕಿದ. "ನಿಮಗೆ ಗೊತ್ತಿಲ್ವಾ? ನಿಮ್ಮ ತಮ್ಮನ ಬಲಗೈ ನಡುಗ್ತಿತ್ತು. ಸೂಜಿಗೆ ದಾರ ಪೋಣಿಸೋಕೂ ಆಗ್ತಿರ್ಲಿಲ್ಲ. ಅಂಗಡೀಲಿ ಕತ್ತರಿಸೋದು, ಹೊಲಿಯೋದು, ಕಾಜಾ ಮಾಡೋದು, ಎಲ್ಲಾ ಆ ಹುಡುಗಿ. ಪರದೆ ಹಿಂದೆ. ಇವರು ಮುಂದೆ ಟೇಪು ಕೊರಳಿಗೆ ಹಾಕ್ಕೊಂಡು ಅಳತೆ ತಗೋತಾ ಇದ್ರು. ನಿನ್ನ ಕೈ ಈ ಅಂಗಡೀದು, ನಿಂದಲ್ಲ ಅಂತ ದಿನಾ ಅವಳಿಗೆ ಹೇಳ್ತಿದ್ರಂತೆ. ನನ್ನ ಮುಂದೇನೂ ಹೇಳಿದ್ರು, ನಗ್ತಾ ನಗ್ತಾ."

ಬೆರಳಮ್ಮ ಮೈಮೇಲಿದ್ದ ರವಿಕೆಯ ತೋಳನ್ನು ನೋಡಿಕೊಂಡಳು. ಕಳೆದ ತಿಂಗಳಷ್ಟೇ ತಮ್ಮ ಹೊಲಿದುಕೊಟ್ಟದ್ದು. ಇರುವೆ ಸಾಲಿನಂಥ ಹೊಲಿಗೆ. ಏನು ಕೈಗುಣವೋ ನಿಂದು ಎಂದು ಅವನ ಬೆನ್ನು ತಟ್ಟಿದ್ದಳು. ಆಗ ಪರದೆಯ ಹಿಂದೆ ಟಿಕ್ ಟಿಕ್ ಎಂದು ಸದ್ದಾಗುತ್ತಿತ್ತು.

"ಮಗಳು ಸೋಲ್ಲಿ ಅಂತ ಅವಳ ಬೆರಳು ಕತ್ತರಿಸೋಕೆ ಹೊರಟ್ರಾ ಇಬ್ರೂ?"

"ಅಯ್ಯೋ, ಇಲ್ಲ ಮೇಡಂ! ಬೆರಳಿಗೆ ಏನೂ ಆಗಬಾರದು ಅಂತಾನೇ ಅಳೆದು ಮಾಡಿದ್ದು. ಮೂರನೇ ದೀಪಕ್ಕೆ ರೋಬೋಗಳು ಹೊರಡೋ ಹಂಗೆ ತಿರುಪು ತಿರುಗಿಸಿದ್ವಿ. ಅವಳು ಕೈ ಹಾಕೋದು ನಾಲ್ಕಕ್ಕೆ. ಕೈ ಹತ್ತಿರ ಬರೋದ್ರೊಳಗೆ ಆಟ ಶುರು, ಬ್ಲೇಡಿನ ಮೇಲೆ ಒರೆ ಹಂಗೇ ಇರುತ್ತೆ. ಒರೆ ಹಾಕ್ಕೊಂಡ ಬೀಗತಿ ಹಲ್ಲಿಲ್ಲದ ಹಾವು. ನಾನು ಗೆಲ್ತೀನಿ, ಅವಳು ಅಂಗಡೀಲೇ ಉಳೀತಾಳೆ. ಅಷ್ಟೇ."

"ಮೂರನೇ ದೀಪಕ್ಕೆ?"

"ಮೂರಕ್ಕೇ. ಇದೇ ನೆಲದ ಮೇಲೆ ನನ್ನ ದವಡೆಹಲ್ಲನ್ನ ಬಿಟ್ಟು ಎಷ್ಟೋ ಸಲ ನೋಡಿದ್ವಿ."

"ಈಗ ಅದು ನಾಲ್ಕಕ್ಕೆ ಹೊರಡ್ತಿದೆ ಡಾಕ್ಟ್ರೇ."

ಡಾಕ್ಟರ್ ಮಲಗಿದ್ದಲ್ಲೇ ತಲೆ ಅಲ್ಲಾಡಿಸಿದ. "ಗೊತ್ತು. ಅವತ್ತು ಮೂರನೇ ದೀಪ ಹೊತ್ತಿತು. ಏನೂ ಆಗ್ಲಿಲ್ಲ. ನಾನು ನಿಮ್ಮ ತಮ್ಮನ ಮುಖ ನೋಡ್ದೆ, ಅವರು ನನ್ನ ಮುಖ ನೋಡಿದ್ರು. ನಾವು ಮಾಡಿದ್ದು ಕೆಟ್ಟುಹೋಗಿದೆ, ದೀಪ ಎಂದಿನ ಹಂಗೇ ಇದೆ ಅಂತ ನಾನಂದ್ಕೊಂಡೆ. ಅವರೂ ಹಂಗೇ ಅಂದ್ಕೊಂಡ್ರು. ಮಗಳು ಮೈಕಲ್ಲಿ ಕರೆದಿದ್ದಾಳೆ, ಸಾವಿರ ಕಣ್ಣು ನೋಡ್ತಿದೆ, ಏನು ಮಾಡ್ತಾರೆ? ನಾಲ್ಕೂ ಅಂದ್ರು ಜನ. ಒರೆಗೆ ಕೈ ಹಾಕಿದ್ರು."

"ದೀಪದ ವಿಷಯ ಎತ್ತಿದ್ರೆ ತಾನೇ ಸಿಕ್ಕಿಹಾಕ್ಕೋತಾನೆ. ಅದಕ್ಕೇ ಮಗಳ ಪ್ರೋಗ್ರಾಂ ಮೇಲೆ ಹಾಕಿದ. ಅಲ್ವಾ?"

"ನಾನೂ ಬಾಯಿ ಮುಚ್ಕೊಂಡೆ ಮೇಡಂ."

"ನೀವು ಬಾಯಿ ಮುಚ್ಚಿದ್ದು ಅದೊಂದು ಸಲವೇ ಅನ್ಸುತ್ತೆ." ಅವಳು ಬೆಂಕಿಪೊಟ್ಟಣ ತೆರೆದು ಮೇಣವನ್ನು ದೀಪದ ಕೆಳಗೆ ಹಿಡಿದಳು. "ಇದು ನೀವು ಹಾಕಿದ ಹಾಗೇ ಇದೆಯಾ?"

ಡಾಕ್ಟರ್ ಕತ್ತು ಎತ್ತಿ ನೋಡಿದ. ಮೇಣದ ಮೇಲೆ ಸಾಲು ಸಾಲು ಸಣ್ಣ ಉಬ್ಬುಗಳಿದ್ದವು, ಬೆವರುಸಾಲೆ ಎದ್ದ ಚರ್ಮದ ಹಾಗೆ. ಅವುಗಳ ನಡುವೆ ಕೂದಲಿನಂಥ ಒಂದು ಉಬ್ಬು ಗೆರೆ.

"ಇಲ್ಲ ಮೇಡಂ. ನಾನು ಮೇಣ ಕಾಯಿಸಿ ಬಿಟ್ಟು, ಚಮಚದ ಬೆನ್ನಿಂದ ಒತ್ತಿದ್ದೆ. ಕನ್ನಡಿ ಥರ ನುಣ್ಣಗಿತ್ತು. ಇದನ್ನ ಯಾರೋ ಎಬ್ಬಿಸಿ, ತಿರುಪನ್ನ ಮೂರರಿಂದ ನಾಲ್ಕಕ್ಕೆ ತಂದು, ಮತ್ತೆ ಕಾಯಿಸಿ ಒತ್ತಿದ್ದಾರೆ. ಬಿಸಿ ಮೇಣ ಬರಿಬೆರಳಲ್ಲಿ ಒತ್ತೋಕಾಗಲ್ಲ. ಬೆರಳಿಗೆ ಏನೋ ಹಾಕ್ಕೊಂಡು..."

ಡಾಕ್ಟರ್ ಬಾಗಿಲ ಕಡೆ ಕತ್ತು ತಿರುಗಿಸಿದ.

ಹೊರಗೆ ಬೆಂಚಿನ ಮರದ ಮೇಲೆ ಸದ್ದಾಗುತ್ತಿತ್ತು. ಟಿಕ್. ಟಿಕ್. ಟಿಕ್.

ಬೆರಳಮ್ಮ ಪೊಟ್ಟಣ ಮುಚ್ಚಿದಳು. ದೀಪ ಆರಿಸುವುದನ್ನೂ ಮರೆತು ಬಾಗಿಲು ತೆರೆದಳು.

ಹುಡುಗಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹತ್ತಿ ಬಾಯಿಯ ರೋಗಿ ಅವಳ ಪಕ್ಕದಲ್ಲಿ ಕೆನ್ನೆ ಹಿಡಿದುಕೊಂಡಿದ್ದ. ಅಷ್ಟರಲ್ಲಿ ಬೀದಿಯ ಆ ತುದಿಯಿಂದಲೇ ಶಂಖನ ದನಿ ಕೇಳಿಸಿತು. ಆಮೇಲೆ ಬಹಳ ಹೊತ್ತಿಗೆ ಶಂಖ ಬಂದ.

"ಅಕ್ಕಾ! ಭಾವ ತಾವೇ ಪೊಲೀಸ್ನೋರನ್ನ ಬೇಗ ಕರೆಸಿ ಹೇಳಿಕೆ ಕೊಟ್ಟುಬಿಟ್ರು! ದೀಪ ತಿರುಗಿಸಿದ್ದು ನಾನೇ, ಮಗಳದ್ದು ಏನೂ ತಪ್ಪಿಲ್ಲ ಅಂತ! ಒಂದೇ ಸಮ ಅಳ್ತಿದ್ದಾರೆ!"

"ದೀಪದ ವಿಷಯ ನಮಗೆ ಗೊತ್ತಾಗಿದೆ ಅಂತ ಅವನಿಗೆ ಯಾರು ಹೇಳಿದ್ರು?"

"ನಾನೇ ಫೋನ್ ಮಾಡ್ದೆ ಅತ್ತೆ," ಎಂದಳು ಹುಡುಗಿ. "ಅತ್ತೆಗೆ ಗುಲಾಬಿ ಮೇಣ ಸಿಕ್ಕಿದೆ ಅಪ್ಪಾ ಅಂತ ಹೇಳ್ದೆ. ಅಷ್ಟೇ ಹೇಳಿದ್ದು. ಆಮೇಲೆ ಅವರೇ ಎಲ್ಲಾ ಒಪ್ಕೊಂಡ್ರು."

"ದೇವರು ದೊಡ್ಡೋನು! ಸೀಟೂ ಉಳೀತು, ಮಾನಾನೂ ಉಳೀತು!" ಎಂದು ಶಂಖ ಕುಣಿದ. ಹತ್ತಿ ಬಾಯಿಯವನು ಬೆಚ್ಚಿ ಹತ್ತಿ ನುಂಗಿದ.

"ಅಂಗಡಿ?" ಎಂದು ಬೆರಳಮ್ಮ ಕೇಳಿದಳು.

"ಬೆರಳಿಲ್ಲದ ದರ್ಜಿಯ ಅಂಗಡಿ ಯಾರು ತೆಗೀತಾರೆ ಅತ್ತೆ? ಮುಚ್ಚೋದೇ."

ಹುಡುಗಿ ಎದ್ದು ನಿಂತಳು. ಅತ್ತೆಯ ಮುಷ್ಟಿಯಲ್ಲಿದ್ದ ಬೆಂಕಿಪೊಟ್ಟಣವನ್ನು ನೋಡಿದಳು. ಆಮೇಲೆ ನಿಧಾನವಾಗಿ, ಒರೆಗೆ ಕೈ ಹಾಕುವಾಗಿನಷ್ಟೇ ಅಂದವಾಗಿ, ಬಲಗೈ ಚಾಚಿದಳು.

ಚಾಳಿ ಬಿಡುತ್ತದೆಯೇ? ಬೆರಳಮ್ಮ ಮೊದಲು ಬೆರಳು ಎಣಿಸಿದಳು. ಐದೂ ಇದ್ದವು. ನಡುಬೆರಳಿನ ಮೇಲೆ ಅಂಗುಸ್ತಾನ, ಅದರ ನೆತ್ತಿಯಲ್ಲಿ ಸಾಲು ಸಾಲು ಗುಳಿ, ಗುಳಿಗಳ ನಡುವೆ ಕೂದಲಿನಂಥ ಬಿರುಕು.

"ಅಪ್ಪ ಒಪ್ಕೊಂಡಾಯ್ತಲ್ಲ," ಎಂದಳು ಹುಡುಗಿ, ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು. "ಆ ಮೇಣ ಇನ್ಯಾತಕ್ಕೆ ಅತ್ತೆ? ಇಲ್ಲಿ ಕೊಡಿ, ಕಸಕ್ಕೆ ಹಾಕ್ತೀನಿ."